ದನಿಯಿಲ್ಲದ ಪರದೆ

“ಆಲ್ಟ್ ಹಿಡ್ಕೊಂಡು ಎನ್,” ಎಂದ ಗೊಣಗ.

ಅಕ್ಕ ಒತ್ತಿದಳು. ಪರದೆ ಕಪ್ಪಾಯಿತು.

ಕೋಣೆಯಲ್ಲಿದ್ದ ಮೂವರೂ ಉಸಿರು ಬಿಗಿಹಿಡಿದರು. ಬೆಳಗ್ಗೆಯಿಂದ ಈ ಹಾಳು ಯಂತ್ರ ಹೀಗೆ ಕಪ್ಪಾಗುವುದು, ಕಪ್ಪಾಗಿಯೇ ಉಳಿಯುವುದು, ಮತ್ತೆ ಮೊದಲಿನಿಂದ ಶುರು ಮಾಡಿಸುವುದು. 

ಈ ಸಲ ನೀಲಿ ಚೌಕವೊಂದು ಮೂಡಿತು.

“ಬಂತು,” ಎಂದು ಅವನು ಬೆವರು ಒರೆಸಿಕೊಂಡ. “ಭಾಷೆ ಕೇಳ್ತಿದೆ. ಅದೇ ಇರ್ಲಿ. ಮತ್ತೆ ಆಲ್ಟ್ ಎನ್.”

ಕೆಲಸ ಮಾಡುವಾಗ ಒತ್ತುವ ಒಂದೊಂದು ಕೀಯನ್ನೂ ಬಾಯಲ್ಲಿ ಹೇಳಿಕೊಳ್ಳುವುದು ಅವನ ಹುಟ್ಟುಗುಣ. ಬೀದಿಯವರು ಗೊಣಗ ಎಂದು ಹೆಸರಿಟ್ಟದ್ದು ಅದಕ್ಕೇ. ಊರಿಗೆಲ್ಲ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ, ಸಂದು ಸಿಕ್ಕರೆ ಪತ್ತೇದಾರಿಕೆಗೂ ಇಳಿಯುತ್ತಿದ್ದ. ಇಷ್ಟು ದಿನ ಅದು ಬೇರೆಯವರ ಮನೆಯ ಗೋಳಾಗಿತ್ತು. ಈಗ ಸ್ವಂತ ಅಕ್ಕನ ಕುತ್ತಿಗೆಗೆ ಬಂದಿತ್ತು.

ಸಣ್ಣದೊಂದು ಆಪರೇಷನ್ನಿನಲ್ಲಿ ಈಜು ಮಾಸ್ತರರೊಬ್ಬರು ಟೇಬಲ್ಲಿನ ಮೇಲೆಯೇ ತೀರಿಕೊಂಡಿದ್ದರು. ಆ ಆಪರೇಷನ್ ಕೋಣೆಯ ಧ್ವನಿಮುದ್ರಿಕೆ ಟೈಪಾಗಲೆಂದು ಅಕ್ಕನ ಕಂಪ್ಯೂಟರಿಗೆ ಬಂದಿತ್ತು. ಬೆಳಗಾಗುವಷ್ಟರಲ್ಲಿ ಅದರ ಡಿಸ್ಕನ್ನು ಯಾರೋ ಗುಡಿಸಿ ಸಾರಿಸಿದಂತೆ ಖಾಲಿ ಮಾಡಿದ್ದರು.

ಯಾರು? ಪೊಲೀಸರ ಉತ್ತರ ಸಲೀಸಾಗಿತ್ತು: ಬಾಗಿಲಿನ ಬೀಗ ಒಡೆದಿಲ್ಲ, ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ.

“ಮಧ್ಯಾಹ್ನ ಜೀಪ್ ಬರುತ್ತೆ,” ಎಂದರು ಕಿಟಕಿಯ ಬಳಿ ಕೂತಿದ್ದ ಇನ್ಸ್‌ಪೆಕ್ಟರಮ್ಮ. ದನಿ ಏರಿಸಿ ಮಾತಾಡುವ ಜಾಯಮಾನ ಅವರದಲ್ಲ. ಅದಕ್ಕೇ ಗೊಣಗನಿಗೆ ಅವರನ್ನು ಕಂಡರೆ ಇನ್ನೂ ಭಯ. “ಅಷ್ಟರಲ್ಲಿ ನಿಮ್ಮ ನಕಲು ಬಂದ್ರೆ ಸರಿ. ಇಲ್ಲಾಂದ್ರೆ ನಿಮ್ಮಕ್ಕನ್ನ ಕರ್ಕೊಂಡು ಹೋಗ್ಲೇಬೇಕು.”

“ಬರುತ್ತೆ ಮೇಡಂ. ಬಂದೇ ಬರುತ್ತೆ.”

ಬರುತ್ತದೆಯೇ? ಅವನಿಗೇ ಖಾತ್ರಿಯಿರಲಿಲ್ಲ. ಅಕ್ಕನ ಕೆಲಸ ಹಾಳಾಗಬಾರದೆಂದು, ಅವಳಿಗೂ ಹೇಳದೆ, ಹಿಂದೊಮ್ಮೆ ಅವನೊಂದು ಏರ್ಪಾಟು ಮಾಡಿಟ್ಟಿದ್ದ. ಬಂದ ಮುದ್ರಿಕೆಯ ನಕಲೊಂದು ತಾನಾಗಿ ಇಂಟರ್ನೆಟ್ಟಿನ ಸಂಗ್ರಹಕ್ಕೆ ಹೋಗಿ ಕೂರುತ್ತಿತ್ತು. ಆದರೆ ಗುಟ್ಟು ಸೋರಬಾರದೆಂದು ಆಸ್ಪತ್ರೆಯವರು ಆ ಕಡತಗಳಿಗೆಲ್ಲ ಬೀಗ ಹಾಕಿಸಿದ್ದರು. ಅದರ ಕೀಲಿಯಿದ್ದದ್ದು ಡಿಸ್ಕಿನಲ್ಲಲ್ಲ, ಯಂತ್ರದೊಳಗಿನ ಚಿಪ್ಪಿನಲ್ಲಿ; ಈ ಕಂಪ್ಯೂಟರ್ ಒಂದನ್ನು ಬಿಟ್ಟು ಬೇರೆಲ್ಲಿ ತೆರೆದರೂ ಕೇಳಿಸುವುದು ಬರೀ ಕರಕರ.

ಹಳೆಯ ಡಿಸ್ಕ್ ಪೊಲೀಸರ ಸೀಲಿನೊಳಗಿತ್ತು. ಅದರಲ್ಲಿ ಎತ್ತಲು ಏನೂ ಉಳಿದಿಲ್ಲವೆಂದು ಲ್ಯಾಬಿನವರು ಕೈಚೆಲ್ಲಿದ್ದರು. ಹಾಗಾಗಿ ಹೊಸ ಡಿಸ್ಕ್ ಕೂರಿಸಿ, ಇದೇ ಯಂತ್ರಕ್ಕೆ ಮತ್ತೆ ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಹಾಕಿ, ಇದಕ್ಕೆ ಮರುಜೀವ ಕೊಡಬೇಕಾಗಿತ್ತು.

ಮರುಜೀವ ಕೊಡಲು ಹೊರಟರೆ ಅದು ಮೊಂಡು ಹಿಡಿದ ಮಗುವಿನ ಹಾಗೆ ಬಾಯಿ ಬಿಡದೆ ಕೂತಿತ್ತು.

ಕೀಬೋರ್ಡ್ ಮಾತ್ರ ಅಕ್ಕನ ಮುಂದೆಯೇ ಇತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ತಮ್ಮನೂ ಅಷ್ಟೇ. ಯಾರಾದರೂ ಮುಟ್ಟಿದರೆ ಜಾಗ ಕದಲುತ್ತದೆ, ಆಮೇಲೆ ಇಡೀ ದಿನ ಬೆರಳು ತಪ್ಪುತ್ತದೆ ಎಂದು ರೇಗುತ್ತಿದ್ದಳು. ಹುಟ್ಟಿನಿಂದ ಕಣ್ಣು ಕಾಣದವಳು, ಡಾಕ್ಟರುಗಳ ಮಾತು ಕೇಳಿ ಟೈಪ್ ಮಾಡಿ ತನ್ನ ಅನ್ನ ತಾನು ದುಡಿಯುವವಳು. ಆ ರೇಗಾಟಕ್ಕೆ ಅವಳಿಗೆ ಹಕ್ಕಿತ್ತು. ಹಾಗಾಗಿ ತಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳುವುದು, ಅಕ್ಕ ಒತ್ತುವುದು, ಹೀಗೆ ಕೆಲಸ ಸಾಗಿತ್ತು.

ಇವತ್ತು ಮಾತ್ರ ಅವಳು ಮಾತೇ ಆಡುತ್ತಿರಲಿಲ್ಲ. ನಕಲು ಇದೆಯೆಂದು ಅವನು ಬೆಳಗ್ಗೆ ಹೇಳಿದಾಗಿನಿಂದ ಅವಳ ಮುಖದ ಕಳೆ ಇಳಿದಿತ್ತು. ಗಾಬರಿಯಿರಬೇಕು ಎಂದುಕೊಂಡ.

“ನೋಡಿ,” ಎಂದರು ಇನ್ಸ್‌ಪೆಕ್ಟರಮ್ಮ. “ಡಿಸ್ಕ್ ಖಾಲಿಯಾದಾಗ ಈ ಯಂತ್ರಕ್ಕೆ ಸಿಕ್ಕಿಸಿದ್ದ ಪೆನ್‌ಡ್ರೈವ್ ಯಾರದ್ದು?”

“ನಂದೇ. ಎಷ್ಟು ಸಲ ಹೇಳ್ಲಿ ಮೇಡಂ? ಓಎಸ್ ಹಾಕೋದು ಅದರಿಂದ್ಲೇ. ಇಲ್ಲೇ ಮೇಜಿನ ಡ್ರಾಯರಲ್ಲಿ ಇಟ್ಟಿರ್ತೀನಿ. ಆವತ್ತು ಸಂಜೆ ಆಸ್ಪತ್ರೆಯ ಮ್ಯಾನೇಜರ್ ಬಂದು ಇದೇ ಕೋಣೇಲಿ ಕೂತಿದ್ರಲ್ಲ? ಅಕ್ಕ ಅಡುಗೆಮನೇಲಿದ್ಲು. ಡ್ರಾಯರ್ ತೆಗೆಯೋಕೆ ಎಷ್ಟು ಹೊತ್ತು ಬೇಕು?”

“ಮ್ಯಾನೇಜರ್ ಯಾಕೆ ಅಳಿಸ್ಬೇಕು?”

“ಡಾಕ್ಟ್ರನ್ನ ಉಳಿಸೋಕೆ! ದೊಡ್ಡ ಡಾಕ್ಟ್ರು ಮುಳುಗಿದ್ರೆ ಆಸ್ಪತ್ರೆ ಮುಳುಗುತ್ತೆ. ಆಸ್ಪತ್ರೆ ಮುಳುಗಿದ್ರೆ ಮ್ಯಾನೇಜರ್ ತೇಲ್ತಾರಾ?”

ಇನ್ಸ್‌ಪೆಕ್ಟರಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಅವನ ಮೂಗಿನ ಮುಂದೆ ಹಿಡಿದರು. ಅಳಿಸಿದ್ದು ಗೊತ್ತಾದ ಬೆಳಗ್ಗೆ ತೆಗೆದದ್ದು. ಮೇಜಿನ ಮೇಲಿನ ಮಾನಿಟರಿಗೆ ಬಟ್ಟೆಯ ಗವಸು ಹಾಕಿತ್ತು. ಗವಸಿನ ಮೇಲೆ ಧೂಳು ಒಂದೇ ಸಮ ಕೂತಿತ್ತು. ಒಂದು ಬೆರಳಿನ ಗುರುತೂ ಇರಲಿಲ್ಲ.

“ನಿಮ್ಮ ಮ್ಯಾನೇಜರ್ ಈ ಗವಸು ತೆಗೀದೇ ಕೆಲಸ ಮುಗಿಸಿದ್ರಾ?”

ಆ ಧೂಳು ಗೊಣಗನ ನಿದ್ದೆಯನ್ನೂ ಕೆಡಿಸಿತ್ತು. ಪರದೆ ಅಕ್ಕನಿಗೆ ಬೇಕಿಲ್ಲ, ಅದು ಅವನು ರಿಪೇರಿಗೆ ಬಂದಾಗ ಬಳಸಲೆಂದು ಇಟ್ಟದ್ದು. ಆದರೆ ಕಣ್ಣಿರುವ ಕಳ್ಳನಿಗೆ ಪರದೆ ಬೇಡವೇ?

“ಅವನದೇ ಸಣ್ಣ ಪರದೆ ತಂದಿರ್ಬೇಕು. ಚೀಲದಲ್ಲಿ ಹಿಡಿಯುವಂಥದ್ದು ಸಿಗುತ್ತೆ.”

“ಓಹೋ. ಟೀ ಕುಡಿಯೋಕೆ ಬಂದವರು ಚೀಲದಲ್ಲಿ ಟಿವಿ ಇಟ್ಕೊಂಡು ಬಂದ್ರು ಅನ್ನಿ.”

“ಮೇಡಂ, ತಮಾಷೆ ಆಮೇಲೆ ಮಾಡಿ. ಈಗ ಸ್ವಲ್ಪ ಕಿವಿ ಕೊಡ್ತೀರಾ?”

ಅವನು ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಆಮೇಲೆ ಅಕ್ಕನಿಗೆ ಹೇಳಿದ, “ನಿನ್ನ ದನಿ ಕರಿ ಅಕ್ಕಾ. ದಿನಾ ಕರೀತೀಯಲ್ಲ, ಹಾಗೇ.”

ಅಕ್ಕ ಮೂರು ಕೀಗಳನ್ನು ಒಟ್ಟಿಗೆ ಒತ್ತಿದಳು. ದಿನವೂ ಅವಳು ಹಾಗೆ ಒತ್ತಿದ ಕೂಡಲೇ ಪರದೆಯಲ್ಲಿದ್ದದ್ದನ್ನು ಓದಿಹೇಳುವ ಹೆಣ್ಣುದನಿಯೊಂದು ಏಳುತ್ತಿತ್ತು. ಈಗ ಫ್ಯಾನಿನ ಗಿರಗಿರ ಬಿಟ್ಟರೆ ಏನೂ ಇಲ್ಲ.

“ಕೇಳಿಸ್ತಾ?”

“ಇಲ್ಲ.”

“ಕೇಳಿಸೋದೇ ಇಲ್ಲ. ಓಎಸ್ ಪೂರ್ತಿ ಕೂರ್ಬೇಕು. ಆಮೇಲೆ ಸೌಂಡ್ ಹೊರಡಿಸೋ ಡ್ರೈವರ್ ತಂತ್ರಾಂಶ ಹಾಕ್ಬೇಕು, ಅದನ್ನೂ ನಾನೇ ಕೈಯಾರೆ. ಅಲ್ಲೀವರೆಗೆ ಇದಕ್ಕೆ ಬಾಯಿಲ್ಲ. ಡಿಸ್ಕ್ ಅಳಿಸೋ ಪುಟ ಬರೋದು ಅದಕ್ಕೂ ಮುಂಚೆ. ಅಲ್ಲಿ ಎಲ್ಲಾನೂ ಕಣ್ಣಲ್ಲಿ ನೋಡಿ ಒತ್ತಬೇಕು. ನಮ್ಮಕ್ಕನಿಗೆ ಈ ಪರದೆನೂ ಒಂದೇ, ಆ ಗೋಡೆನೂ ಒಂದೇ. ಹೇಗೆ ಅಳಿಸ್ತಾಳೆ, ನೀವೇ ಹೇಳಿ?”

ಇನ್ಸ್‌ಪೆಕ್ಟರಮ್ಮ ಎದ್ದು ಬಂದರು. ಪರದೆಯನ್ನು ನೋಡಿದರು, ಅಕ್ಕನನ್ನು ನೋಡಿದರು. ಕಣ್ಣು ಮುಚ್ಚಿ ತಾವೇ ಸ್ವಲ್ಪ ಹೊತ್ತು ನಿಂತರು.

“ಹಾಗಿದ್ರೆ ಕಣ್ಣಿದ್ದವರು ಯಾರೋ ಮಾಡಿದ್ದಾರೆ. ಪೆನ್‌ಡ್ರೈವ್ ನಿಮ್ಮದು, ಕೆಲಸ ಗೊತ್ತಿರೋದು ನಿಮಗೆ.”

“ನನ್ನ ಹಿಡ್ಕೊಂಡು ಹೋಗಿ ಬೇಕಾದ್ರೆ. ಅಕ್ಕನ್ನ ಬಿಟ್ಬಿಡಿ.”

“ಸುಮ್ನಿರೋ,” ಎಂದಳು ಅಕ್ಕ. ಬೆಳಗ್ಗೆಯಿಂದ ಅವಳಾಡಿದ ಮೊದಲ ಮಾತು ಅದು.

ಇನ್ಸ್‌ಪೆಕ್ಟರಮ್ಮನ ತುಟಿ ಸ್ವಲ್ಪ ಸಡಿಲವಾಯಿತು. “ಆವತ್ತು ರಾತ್ರಿ ನೀವು ನಿಮ್ಮ ಮನೇಲೇ ಇದ್ರಿ ಅಂತ ನಿಮ್ಮ ಕಟ್ಟಡದ ಕಾವಲುಗಾರ ಹೇಳಿದ್ದಾನೆ. ನಿಮ್ಮ ಮೇಲೆ ಅನುಮಾನ ಇದ್ದಿದ್ರೆ ಇಷ್ಟು ಹೊತ್ತು ಸ್ಟೂಲ್ ಮೇಲೆ ಕೂರಿಸ್ತಿರ್ಲಿಲ್ಲ.” ಮೊಬೈಲ್ ಕಿವಿಗಿಟ್ಟು ಯಾರಿಗೋ ಹೇಳಿದರು, “ಜೀಪ್ ಕಳಿಸ್ಬೇಡಿ. ಹೌದು. ಆಯಮ್ಮನ ಕೈಲಿ ಆಗೋ ಕೆಲಸ ಅಲ್ಲ ಇದು.”

ಗೊಣಗನ ಎದೆಯ ಮೇಲಿದ್ದ ಬಂಡೆ ಇಳಿಯಿತು. ಖುಷಿಗೆ ಅವನಿಗೆ ಅಳುವೇ ಬಂತು. ಅಕ್ಕನ ಭುಜ ಹಿಡಿದು ಅಲುಗಾಡಿಸಿದ. ಅವಳು ಕಲ್ಲಿನಂತೆ ಕೂತಿದ್ದಳು.

ಅಷ್ಟರಲ್ಲಿ ಪರದೆಯ ಮೇಲೆ ಷರತ್ತುಗಳ ಉದ್ದನೆಯ ಪುಟ ಬಂತು. ಅದೇ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ರಿಂಗಾಯಿತು. ಹೆಂಡತಿ.

“ಯಾರು?” ಎಂದರು ಇನ್ಸ್‌ಪೆಕ್ಟರಮ್ಮ.

“ಮನೆಯವಳು ಮೇಡಂ. ಅದೇ ಆಸ್ಪತ್ರೇಲಿ ನರ್ಸು. ಡ್ಯೂಟೀಲಿದ್ದಾಳೆ.”

“ಸ್ಪೀಕರಿಗೆ ಹಾಕಿ. ನಾನಿದ್ದೀನಿ ಅಂತ ಹೇಳ್ಬೇಡಿ.”

ಅವನು ಫೋನನ್ನು ಮೇಜಿನ ಮೇಲಿಟ್ಟ.

“ರೀ,” ಎಂದಿತು ಫೋನು. ಪಿಸುದನಿ. “ಏನಾಯ್ತು? ಆ ನಕಲು ಸಿಕ್ತಾ?”

“ಇನ್ನೂ ಇಲ್ಲ ಕಣೆ. ಓಎಸ್ ಕೂರ್ತಾ ಇದೆ. ಯಾಕೆ ಹೀಗೆ ಮೆಲ್ಲಗೆ ಮಾತಾಡ್ತೀಯ?”

“ಬೇಗ ಮಾಡ್ರಿ. ನನಗೆ ಕೈಕಾಲೇ ಆಡ್ತಿಲ್ಲ. ಸಿಗುತ್ತೆ ತಾನೇ? ಪೂರ್ತಿ ಸಿಗುತ್ತೆ ತಾನೇ?”

“ಸಿಗುತ್ತೆ. ನಿನಗ್ಯಾಕೆ ಅಷ್ಟು ಚಿಂತೆ? ನೀನು ಆಪರೇಷನ್ ದಿನ ವಾರ್ಡಲ್ಲಿದ್ದವಳು.”

ಫೋನಿನಲ್ಲಿ ಸಣ್ಣದೊಂದು ಬಿಕ್ಕು ಕೇಳಿಸಿತು.

ಆಗ ಅಕ್ಕನ ಕೈಗಳು ಹೊರಟವು.

ಯಾರೂ ಹೇಳಲಿಲ್ಲ. ಗೊಣಗ ಫೋನಿನ ಕಡೆ ಬಾಗಿದ್ದ. ಕೀಗಳ ಟಕಟಕ ಕೇಳಿ ತಲೆಯೆತ್ತಿದ. ಅಕ್ಕನ ಮುಖ ಫೋನಿನ ಕಡೆಗಿತ್ತು. ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು ಓಡುತ್ತಿದ್ದವು.

ಸ್ಪೇಸ್. ಷರತ್ತಿಗೆ ಒಪ್ಪಿಗೆ ಬಿತ್ತು. ಆಲ್ಟ್ ಎನ್. ಪುಟ ತಿರುಗಿತು.

ಹೊಸ ಪುಟದಲ್ಲಿ ಎರಡು ದಾರಿಗಳಿದ್ದವು. ಗೊತ್ತಿಲ್ಲದವರು ಎಂಟರ್ ಒತ್ತಿ ಮೊದಲನೆಯದಕ್ಕೆ ಬಿದ್ದು ಒದ್ದಾಡುತ್ತಾರೆ. ಅಕ್ಕ ಕೆಳಗಿನ ಬಾಣ ಒಂದು ಸಲ ಒತ್ತಿ ಎರಡನೆಯದಕ್ಕೆ ಹೋದಳು. ಎಂಟರ್.

ಡಿಸ್ಕಿನ ಪುಟ ಬಂತು.

ಹೊಸ ಡಿಸ್ಕಿನಲ್ಲಿ ಅಳಿಸಲು ಏನಿದೆ? ಖಾಲಿ ಜಾಗ ಎಂಬ ಒಂದೇ ಸಾಲಿತ್ತು. ಸುಮ್ಮನೆ ಮುಂದೆ ಹೋದರಾಯಿತು. ಆದರೆ ಅಕ್ಕನ ಬೆರಳು ಆಲ್ಟ್ ಡಿ ಒತ್ತಿತು. ಅಳಿಸು. ಎಂಟರ್. ಹೌದು, ಅಳಿಸು.

ಯಂತ್ರ ಆ ಎಂಟರನ್ನು ‘ಮುಂದೆ’ ಎಂದು ತಿಳಿದು ಓಎಸ್ ಕಡತಗಳನ್ನು ಹೊಸ ಡಿಸ್ಕಿಗೆ ಹಾಕತೊಡಗಿತು. ಅದಕ್ಕೆ ಬಾಯಿಲ್ಲವಲ್ಲ, ಅವಳಿಗೆ ಹೇಳುವವರಾರು? ಬೆರಳುಗಳು ನಿಲ್ಲಲಿಲ್ಲ. ಆಲ್ಟ್ ಡಿ, ಎಂಟರ್. ಮತ್ತೊಮ್ಮೆ ಆಲ್ಟ್ ಡಿ, ಎಂಟರ್.

ಆಮೇಲೆ ನಿಂತವು.

ಗೊಣಗನಿಗೆ ನೆಲ ಬಾಯ್ಬಿಟ್ಟಂತಾಯಿತು. ಹಳೆಯ ಡಿಸ್ಕನ್ನು ಮೂರು ಭಾಗ ಮಾಡಿಕೊಟ್ಟವನು ಅವನೇ. ಅದನ್ನು ಖಾಲಿ ಮಾಡಬೇಕಿದ್ದರೆ ಹೀಗೇ ಮೂರು ಸಲ ಅಳಿಸಬೇಕಿತ್ತು. ಅಡ್ಡ ನಿಂತು ಪರದೆಯನ್ನು ಮರೆಮಾಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅಕ್ಕನನ್ನು ಉಳಿಸಲು ಈಗ ಏನು ಬೇಕಾದರೂ ಮಾಡಲು ಅವನು ತಯಾರಿದ್ದ, ಆದರೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.

“ಯಾಕೋ ಸುಮ್ನಾದೆ?” ಎಂದಳು ಅಕ್ಕ. ತನ್ನ ಕೈಗಳು ಎಲ್ಲಿವೆ ಎಂಬುದು ಆಗ ಅವಳ ಅರಿವಿಗೆ ಬಂತೇನೋ. ಬೆಂಕಿ ಮುಟ್ಟಿದವಳಂತೆ ಕೀಬೋರ್ಡಿನಿಂದ ಕೈ ಎತ್ತಿದಳು.

“ಮೂರು ಸಲ ಯಾಕಮ್ಮಾ?” ಎಂದರು ಇನ್ಸ್‌ಪೆಕ್ಟರಮ್ಮ. ದನಿ ಈಗಲೂ ಏರಲಿಲ್ಲ. “ಹಳೇ ಡಿಸ್ಕಿನಲ್ಲಿ ಮೂರು ಭಾಗ ಇತ್ತು ಅಂತ ಲ್ಯಾಬಿನವರು ಬರೆದಿದ್ದಾರೆ. ಇದು ಹೊಸದು.”

“ಮೇಡಂ, ಅವಳಿಗೆ ಗಾಬರಿ... ಕೈಗೆ ಸಿಕ್ಕಿದ್ದು ಒತ್ತಿದ್ಲು ಅಷ್ಟೇ...”

“ಗಾಬರೀಲಿ ಒತ್ತಿದ್ರೆ ಇಷ್ಟು ಚೆನ್ನಾಗಿ ಬರಲ್ಲ. ಗವಸಿನ ಧೂಳು ಯಾಕೆ ಅಲುಗಲಿಲ್ಲ ಅಂತ ಈಗ ಗೊತ್ತಾಯ್ತು. ಪರದೆ ಬೇಕಾಗದವರೇ ಮಾಡಿದ್ದು.” ಅವರು ಅಕ್ಕನ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. “ಯಾರು ಕಲಿಸಿದ್ರು?”

ಅಕ್ಕ ತಮ್ಮನ ಕಡೆ ಮುಖ ತಿರುಗಿಸಿದಳು.

“ಇವನೇ. ಬೇಕು ಅಂತ ಅಲ್ಲ. ಅಂಗಡಿ ಹಾಕೋಕೆ ಮುಂಚೆ ಊರವರ ಕಂಪ್ಯೂಟರೆಲ್ಲ ಇದೇ ಕೋಣೆಗೆ ಬರ್ತಿತ್ತು. ನಾನು ಮೂಲೇಲಿ ಕೂತಿರ್ತಿದ್ದೆ. ಇವನು ಒತ್ತೋದನ್ನೆಲ್ಲ ಬಾಯಲ್ಲಿ ಹೇಳ್ತಿದ್ದ. ಬೇಡ ಅಂದ್ರೂ ಬಾಯಿಪಾಠ ಆಗೋಯ್ತು.”

“ಯಾಕಕ್ಕಾ?” ಗೊಣಗನ ದನಿ ಒಡೆಯಿತು. “ಯಾಕೆ ಅಳಿಸ್ದೆ? ಆ ಡಾಕ್ಟ್ರು ನಿನಗೇನಾಗ್ಬೇಕು?”

“ಡಾಕ್ಟ್ರಿಗಾಗಿ ಅಲ್ಲ ಕಣೋ.” ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. “ಅದರಲ್ಲಿ ನಿನ್ನ ಹೆಂಡ್ತಿ ದನಿ ಇತ್ತು. ‘ತಪ್ಪಾಯ್ತು, ಆ ಇಂಜೆಕ್ಷನ್ ಕೊಟ್ಟಿದ್ದು ನಾನೇ’ ಅಂತ ಅಳ್ತಿದ್ಲು. ಅಷ್ಟು ಕೇಳಿದ್ಮೇಲೆ ಮುಂದೆ ಕೇಳೋಕೆ ನನ್ನಿಂದ ಆಗ್ಲಿಲ್ಲ. ನಿಮ್ಮಿಬ್ಬರ ಸಂಸಾರ ಹಾಳಾಗೋದು ಬೇಡ ಅಂತ ಎಲ್ಲಾ ಒರೆಸಿಬಿಟ್ಟೆ. ನನಗೇನಾದ್ರೂ ಆಗ್ಲಿ ಅಂತಿದ್ದೆ. ನೀನು ನಕಲು ಬೇರೆ ಇಟ್ಟಿದ್ದೀಯ ಅಂತ ನನಗೇನು ಕನಸೇ?”

ವಾರ್ಡಿನಲ್ಲಿದ್ದೆ ಎಂದಿದ್ದಳು ಹೆಂಡತಿ. ಅವನ ಕಣ್ಣು ನೋಡಿಕೊಂಡೇ ಹೇಳಿದ್ದಳು. ಅಕ್ಕನನ್ನು ಉಳಿಸಲು ಬೆಳಗ್ಗೆಯಿಂದ ಜೀವ ತೇಯ್ದು ಅವನು ಎಬ್ಬಿಸುತ್ತಿದ್ದ ಈ ಯಂತ್ರ, ಎದ್ದು ಕೂತರೆ ಹೆಂಡತಿಯ ಹೆಸರು ಹೇಳುತ್ತದೆ.

ಪರದೆಯ ಮೇಲೆ ಹಸಿರು ಪಟ್ಟಿ ಒಂದಿಷ್ಟು ಮುಂದೆ ಸರಿಯಿತು.

“ಅತ್ತಿಗೆ.”

ಮೂವರೂ ಬೆಚ್ಚಿದರು. ಫೋನನ್ನು ಯಾರೂ ಕತ್ತರಿಸಿರಲಿಲ್ಲ.

“ಅತ್ತಿಗೆ, ಅಷ್ಟೇ ಕೇಳಿದ್ರಾ?” ಹೆಂಡತಿಯ ಪಿಸುದನಿ ಈಗ ಬಿಕ್ಕುತ್ತಿರಲಿಲ್ಲ. “ನಾನು ಅತ್ತ ಮೇಲಿಂದು ಕೇಳ್ಲಿಲ್ವಾ? ಡಾಕ್ಟ್ರು ಬಾಗಿಲು ತೆಗೆದು ಒಳಗೆ ಬಂದದ್ದು?”

“ಇಲ್ಲ ಕಣೆ,” ಎಂದಳು ಅಕ್ಕ. “ಇಲ್ಲ...”

“ಅಯ್ಯೋ ಅತ್ತಿಗೆ! ಡಾಕ್ಟ್ರು ಬಂದದ್ದೇ ಆಮೇಲೆ. ಯಾರು ಹೇಳಿ ಆ ಇಂಜೆಕ್ಷನ್ ಕೊಡ್ಸಿದ್ರು ಅಂತ ಅವರ ಬಾಯಲ್ಲೇ ಇದೆ ಅದರಲ್ಲಿ. ನಾನು ನಿರಪರಾಧಿ ಅಂತ ತೋರ್ಸೋಕೆ ನನಗಿದ್ದದ್ದು ಅದೊಂದೇ. ನಾನು ಬಾಯಿಬಿಟ್ರೆ ನಮ್ಮೆಜಮಾನ್ರನ್ನ ಜೀವಸಹಿತ ಬಿಡಲ್ಲ ಅಂದಿದ್ದಾರೆ, ಅದಕ್ಕೇ ವಾರ್ಡಲ್ಲಿದ್ದೆ ಅಂದೆ. ಅದು ಅಳಿಸಿಹೋಯ್ತು ಅಂದಾಗ್ಲೇ ನಾನು ಅರ್ಧ ಸತ್ತೆ. ನಕಲಾದ್ರೂ...”

“ಯಾರು ಅಂದಿದ್ದು?” ಎಂದು ಇನ್ಸ್‌ಪೆಕ್ಟರಮ್ಮ ಫೋನಿಗೆ ಬಾಗಿದರು. “ನಾನು ಇನ್ಸ್‌ಪೆಕ್ಟರ್. ಹೆದರ್ಬೇಡಿ. ಹೆಸರು ಹೇಳಿ.”

ಆ ಕಡೆ ಬಾಗಿಲೊಂದು ತೆರೆದ ಸದ್ದಾಯಿತು. ಹೆಜ್ಜೆಗಳು. ಆಮೇಲೆ ಗಂಡಸಿನ ದನಿಯೊಂದು, ತೀರ ಮೃದುವಾಗಿ, “ಸಿಸ್ಟರ್, ಫೋನು ಕೊಡಿ ಇಲ್ಲಿ,” ಎಂದಿತು.

ಕರೆ ಕತ್ತರಿಸಿತು.

ಗೊಣಗ ಅವಳ ನಂಬರನ್ನು ಒತ್ತಿದ. ಸ್ವಿಚ್ ಆಫ್. ಇನ್ನೊಮ್ಮೆ ಒತ್ತಿದ. ಸ್ವಿಚ್ ಆಫ್. “ಡಾಕ್ಟ್ರೇ ಅದು! ಆ ಡಾಕ್ಟ್ರೇ! ನಡೀರಿ ಮೇಡಂ, ಅವಳನ್ನ ಏನ್ ಮಾಡ್ತಾನೋ!” ಎಂದು ಕೂಗಿದ. ಇನ್ಸ್‌ಪೆಕ್ಟರಮ್ಮ ಆಗಲೇ ಬಾಗಿಲಲ್ಲಿದ್ದರು, ಬೇಡವೆಂದಿದ್ದ ಜೀಪನ್ನು ಆಸ್ಪತ್ರೆಗೇ ಕಳಿಸಲು ಹೇಳುತ್ತಿದ್ದರು.

“ನಿಲ್ಲಿ,” ಎಂದಳು ಅಕ್ಕ.

ಅವಳು ಎದ್ದು ನಿಂತಿದ್ದಳು. ಮುಖ ಸುಣ್ಣದಂತೆ ಬಿಳಿಚಿತ್ತು.

“ಡಾಕ್ಟ್ರ ದನಿ ದಿನಾ ಕೇಳಿ ಟೈಪ್ ಮಾಡೋಳು ನಾನು. ಇದು ಅವರದ್ದಲ್ಲ. ಮ್ಯಾನೇಜರದ್ದೂ ಅಲ್ಲ.”

“ಮತ್ಯಾರು?”

“ಹೆಸರು ಗೊತ್ತಿಲ್ಲ ಕಣೋ. ಆದ್ರೆ ಆ ಮುದ್ರಿಕೇಲಿ ಮೊದಲಿಂದ ಇದೇ ದನಿ ಇತ್ತು. ಯಾರೋ ಹೊಸ ಡಾಕ್ಟ್ರಿರ್ಬೇಕು ಅಂದ್ಕೊಂಡೆ.” ಅವಳ ಕೈ ಗಾಳಿಯಲ್ಲಿ ತಡವರಿಸಿ ತಮ್ಮನ ತೋಳು ಹಿಡಿಯಿತು. “ಕತ್ತರಿ ಕೊಡು, ದಾರ ಕೊಡು ಅಂತ ಕೇಳ್ತಿದ್ದದ್ದು ಇವನೇ. ಆ ಮಾಸ್ತರರ ಹೊಟ್ಟೆ ಕೊಯ್ದಿದ್ದು ಇವನೇ.”

ಬಾಗಿಲಲ್ಲಿದ್ದ ಇನ್ಸ್‌ಪೆಕ್ಟರಮ್ಮ ಮೊಬೈಲನ್ನು ಕಿವಿಯಿಂದ ನಿಧಾನವಾಗಿ ಇಳಿಸಿದರು.

“ಅಮ್ಮಾ, ಆ ಆಸ್ಪತ್ರೇಲಿ ದೊಡ್ಡ ಡಾಕ್ಟ್ರನ್ನ ಬಿಟ್ರೆ,” ಎಂದರು, “ಹೊಟ್ಟೆ ಕೊಯ್ಯೋಕೆ ಬೇರೆ ಸರ್ಜನ್ನೇ ಇಲ್ಲ.”